ಭಾನುವಾರದ ಓದು: ಫುಲ್‌ಮೆಟಲ್ ಆಲ್ಕೆಮಿಸ್ಟ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5 ಗಂಟೆಗೆ ವಿಡಿಯೊ ಕರೆಯಲ್ಲಿ ಹಿರೊಮು ಅರಕಾವಾ ಅವರ ಈ ಮಾಂಗಾದ (ಜಪಾನಿ ಚಿತ್ರಕಥೆಯ) ಚರ್ಚೆ ಇದೆ. 2001ರಿಂದ 2010ರವರೆಗೆ ಜಪಾನಿನ ಮಾಸಪತ್ರಿಕೆಯೊಂದರಲ್ಲಿ ಬಂದ ಕಥೆ, ಒಟ್ಟು 27 ಸಂಪುಟ. ನಮಗೆ ಸದ್ಯ ಮೊದಲನೆಯದು ಸಾಕು.

ಲಿಯೋರ್ ಪಟ್ಟಣದ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಸೂರ್ಯದೇವನ ಹೆಸರಿನಲ್ಲಿ ಪವಾಡ ತೋರುವ ಧರ್ಮಗುರುವನ್ನು ಕಥಾನಾಯಕ ಎಡ್ವರ್ಡ್ ಬಯಲಿಗೆಳೆಯುತ್ತಾನೆ, ಸರಿ. ಆದರೆ ಆ ನಂಬಿಕೆಯಿಂದಲೇ ಬದುಕಿದ್ದ ರೋಸ್‌ಳ ಗತಿಯೇನು? ಸತ್ತ ತಾಯಿಯನ್ನು ಮರಳಿ ತರಲು ಹೋಗಿ ಒಂದು ಕೈ, ಒಂದು ಕಾಲು ಕಳೆದುಕೊಂಡ ಎಡ್ವರ್ಡನೇ ಅವಳಿಗೆ ಉತ್ತರಿಸಬೇಕಾಗುತ್ತದೆ. ನನಗಂತೂ ಸಂಪುಟದ ಜೀವಾಳ ಅದೇ.

ಹೊಸಬರು ಗಮನಿಸಿ, ಪುಟಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮುಂದಿನ ಸಂಪುಟ ಓದಿದವರು ಗುಟ್ಟು ಬಿಟ್ಟುಕೊಡಬೇಡಿ. ಬರುವವರು ಶುಕ್ರವಾರದೊಳಗೆ ತಿಳಿಸಿ. ಪ್ರತಿ ಸಿಗದವರೂ ಹೇಳಿ, ಹಂಚಿಕೊಂಡು ಓದೋಣ.