ಬಿಲ್ಲಿನ ಕೊನೆಗೆ ಬಂದಿರುವ ಹೊಸ ಸಾಲಿನ ಬಗ್ಗೆ, ಹೊರರಾಜ್ಯದ ನಮ್ಮ ಗ್ರಾಹಕರಿಗೆ

ಆತ್ಮೀಯರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನ್ಯೂಜೆರ್ಸಿಯ ನಮ್ಮ ಅಂಗಡಿಯಿಂದ ಮಿಶಿಗನ್, ಒಹಾಯೊ, ಜಾರ್ಜಿಯಾ, ವರ್ಜೀನಿಯಾಕ್ಕೆ ಹೋಗುವ ಪಾರ್ಸೆಲ್‌ಗಳ ಬಿಲ್ಲಿನಲ್ಲಿ ಸೇಲ್ಸ್ ಟ್ಯಾಕ್ಸ್ ಇರುತ್ತದೆ. ಈ ಪತ್ರ ಹೋದ ತಿಂಗಳೇ ನಿಮ್ಮ ಕೈಸೇರಬೇಕಿತ್ತು. ಅದಕ್ಕೆ ಮೊದಲೇ ಮಿಶಿಗನ್‌ನ ಕೆಲವರ ಬಿಲ್ಲಿಗೆ ಹೇಳದೆ ಕೇಳದೆ ಟ್ಯಾಕ್ಸ್ ಬಂದು ಕೂತಿತು. ಹೊಸ ಸಾಫ್ಟ್‌ವೇರನ್ನು ಪರೀಕ್ಷೆಗೆಂದು ಹಾಕಿದ ದಿನ ಅದು ಚಟ್ನಿಪುಡಿ, ಸಾರಿನ ಪುಡಿ, ಮೆಂತ್ಯದ ಹಿಟ್ಟನ್ನೆಲ್ಲ ಹೋಟೆಲ್ ಊಟದ ಲೆಕ್ಕಕ್ಕೆ ಸೇರಿಸಿ ಶೇ. 6 ಹಾಕಿಬಿಟ್ಟಿತು. 31 ಬಿಲ್ ಹಾಗೆ ಹೋದವು. ಕಳಿಸುವ ಮುಂಚೆ ನಾನು ಒಂದೊಂದನ್ನೂ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನನ್ನದು, ಕ್ಷಮಿಸಿ. ಅಷ್ಟೂ ಜನರ ದುಡ್ಡನ್ನು ವಾಪಸ್ ಹಾಕಿದ್ದೇವೆ. ಯಾರಿಗಾದರೂ ಬಂದಿಲ್ಲದಿದ್ದರೆ ನನಗೇ ಫೋನ್ ಮಾಡಿ.

ಅಂದಿನಿಂದ ಫೋನಿನಲ್ಲಿ ಕೇಳುತ್ತಿರುವುದು ಒಂದೇ ಮಾತು: "ಇಷ್ಟು ವರ್ಷ ಇಲ್ಲದ ಟ್ಯಾಕ್ಸ್ ಈಗ ಎಲ್ಲಿಂದ ಬಂತಮ್ಮಾ?" ಇನ್ನೂ ಕೆಲವರು, "ನೀವೇ ಹಾಕ್ಕೊಂಡಿದ್ದೀರೋ ಏನೋ" ಅಂದರು. ಹದಿನೈದು ವರ್ಷದಿಂದ ನಮ್ಮಲ್ಲೇ ಪುಸ್ತಕ ತರಿಸುವವರು ಹಾಗೆ ಅಂದಾಗ ಮನಸ್ಸಿಗೆ ನೋವಾಯಿತು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಈ ಟ್ಯಾಕ್ಸ್ ಮೊದಲೂ ಇತ್ತು. ನಾವು ವಸೂಲಿ ಮಾಡುತ್ತಿರಲಿಲ್ಲ, ಅಷ್ಟೇ. ಅಂಗಡಿಗೆ ಒಂದು ರಾಜ್ಯದಲ್ಲಿ ಮಳಿಗೆಯಾಗಲಿ ಗೋಡೌನಾಗಲಿ ಕೆಲಸದವರಾಗಲಿ ಇಲ್ಲದಿದ್ದರೆ, ಬರೀ ಅಂಚೆಯಲ್ಲಿ ಸಾಮಾನು ಕಳಿಸಿದ್ದಕ್ಕೆ ಆ ರಾಜ್ಯ ಅದರ ಕೈಯಲ್ಲಿ ಟ್ಯಾಕ್ಸ್ ಹಿಡಿಸುವ ಹಾಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತ್ತು. ಕ್ಯಾಟಲಾಗ್ ಮೂಲಕ ಆಫೀಸು ಸಾಮಾನು ಮಾರುತ್ತಿದ್ದ ಕ್ವಿಲ್ ಕಂಪನಿಯ ಮೇಲೆ ನಾರ್ತ್ ಡಕೋಟ ಹೋರಾಡಿದಾಗ, 1992ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆದರೆ ಆ ರಿಯಾಯಿತಿ ಇದ್ದದ್ದು ಅಂಗಡಿಗೆ, ಕೊಂಡವರಿಗಲ್ಲ. ಕೊಂಡವರು ಯೂಸ್ ಟ್ಯಾಕ್ಸ್ ಎಂಬ ಹೆಸರಿನಲ್ಲಿ ತಮ್ಮ ರಾಜ್ಯಕ್ಕೆ ತಾವೇ ಕಟ್ಟಬೇಕಿತ್ತು. ಹಲವು ರಾಜ್ಯಗಳ ಆದಾಯ ತೆರಿಗೆ ಫಾರ್ಮಿನಲ್ಲಿ ಅದಕ್ಕೊಂದು ಸಾಲೇ ಇದೆ. ಹೆಚ್ಚಿನವರು ಅದನ್ನು ಗಮನಿಸಿರಲಿಲ್ಲ. ನಾವೂ ಹೇಳಲಿಲ್ಲ. ಹೇಳದಿದ್ದುದಷ್ಟೇ ಅಲ್ಲ, ನಮ್ಮ ದೀಪಾವಳಿ ಕ್ಯಾಟಲಾಗಿನ ಹೊದಿಕೆಯ ಮೇಲೆ "ಹೊರರಾಜ್ಯದವರಿಗೆ ಟ್ಯಾಕ್ಸ್ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆವು. ಅದು ಸರಿಯಾದ ಮಾತಾಗಿರಲಿಲ್ಲ. ಅದನ್ನು ನಂಬಿದವರ ಹತ್ತಿರ ಈಗ ಕ್ಷಮೆ ಕೇಳಬೇಕು, ಕೇಳುತ್ತಿದ್ದೇನೆ.

2018ರ ಜೂನ್ 21ರಂದು ಸೌತ್ ಡಕೋಟ ಮತ್ತು ವೇಫೇರ್ ಮೊಕದ್ದಮೆಯಲ್ಲಿ ಕೋರ್ಟು ಹಳೆಯ ತೀರ್ಪನ್ನು ಐದಕ್ಕೆ ನಾಲ್ಕು ಮತದಿಂದ ತೆಗೆದುಹಾಕಿತು. ರಾಜ್ಯದೊಳಗೆ ವರ್ಷಕ್ಕೆ 1,00,000 ಡಾಲರ್ ವ್ಯಾಪಾರ ಅಥವಾ 200 ಮಾರಾಟ ಆದರೆ ಸಾಕು, ಎಲ್ಲಿ ಕೂತು ಮಾರಿದರೂ ಟ್ಯಾಕ್ಸ್ ಹಿಡಿಯಲೇಬೇಕು ಎಂಬ ಸೌತ್ ಡಕೋಟದ ನಿಯಮ ಗೆದ್ದಿತು. ಸೇಲ್ಸ್ ಟ್ಯಾಕ್ಸ್ ಇರುವ ಉಳಿದ ರಾಜ್ಯಗಳೂ ತಮ್ಮ ತಮ್ಮ ಮಿತಿ ಇಟ್ಟುಕೊಂಡು ಅದೇ ದಾರಿ ಹಿಡಿದವು.

ನಮ್ಮಂಥವರಿಗೆ ಪೆಟ್ಟು ಬಿದ್ದಿರುವುದು ಆ 200ರಿಂದ. ಲಕ್ಷ ಡಾಲರ್ ವ್ಯಾಪಾರ ಯಾವ ಹೊರರಾಜ್ಯದಲ್ಲೂ ನಮಗಿಲ್ಲ. ಆದರೆ ಹನ್ನೆರಡು ಡಾಲರಿನ ಚಟ್ನಿಪುಡಿ ಕಳಿಸಿದರೂ ಅದು ಒಂದು ಮಾರಾಟವೇ. ಹೋದ ವರ್ಷ ವರ್ಜೀನಿಯಾಕ್ಕೆ 212 ಆರ್ಡರ್ ಹೋಗಿವೆ. ಅಷ್ಟಕ್ಕೂ ನಾವು ಹಿಡಿದು ಕಟ್ಟಬೇಕಾಗುತ್ತಿದ್ದ ಟ್ಯಾಕ್ಸ್ ಲೆಕ್ಕ ಹಾಕಿ ನೋಡಿದೆ, ಇನ್ನೂರು ಡಾಲರ್ ಕೂಡ ದಾಟಲಿಲ್ಲ. ಅದನ್ನು ಕಟ್ಟುವುದಕ್ಕೆ ನೋಂದಣಿ, ರಿಟರ್ನ್, ಏನೂ ಮಾರದ ಅವಧಿಯಲ್ಲೂ ಸೊನ್ನೆ ಬರೆದ ರಿಟರ್ನ್, ಇವೆಲ್ಲ ಸೇರಿ ನಮ್ಮ ಅಕೌಂಟೆಂಟಿಗೆ ಕೊಡುವುದು ಅದಕ್ಕಿಂತ ಜಾಸ್ತಿ. ಮಿಶಿಗನ್, ಒಹಾಯೊ, ಜಾರ್ಜಿಯಾ ಸೇಲ್ಸ್ ಟ್ಯಾಕ್ಸನ್ನು ಸರಳಗೊಳಿಸಲು ರಾಜ್ಯಗಳು ಮಾಡಿಕೊಂಡ ಒಂದೇ ಒಪ್ಪಂದಕ್ಕೆ ಸೇರಿದವಾದ್ದರಿಂದ ಒಂದೇ ಅರ್ಜಿಯಲ್ಲಿ ಮುಗಿಯಿತು. ವರ್ಜೀನಿಯಾ ಅದರಲ್ಲಿಲ್ಲ, ಅಲ್ಲಿಗೆ ಎಲ್ಲವೂ ಬೇರೆ. ಇನ್ನೊಂದು ಮಾತು ಹೇಳದೆ ಇರಲಾರೆ: 200 ಎಂಬ ಅಂಕಿಯನ್ನು ಊರಿಗೆಲ್ಲ ಕಲಿಸಿದ ಸೌತ್ ಡಕೋಟವೇ 2023ರ ಜುಲೈ 1ರಿಂದ ಅದನ್ನು ಕೈಬಿಟ್ಟಿದೆ. ಆಮೇಲೆ ಇಂಡಿಯಾನಾ, ನಾರ್ತ್ ಕೆರೊಲೈನಾ ಕೂಡ ಬಿಟ್ಟವು. ನಮ್ಮ ನಾಲ್ಕು ರಾಜ್ಯಗಳು ಇನ್ನೂ ಹಿಡಿದುಕೊಂಡಿವೆ.

"ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಗೆ ಯಾಕೆ ಹಾಕಲಿಲ್ಲ?" ಎಂದು ಅಟ್ಲಾಂಟಾದ ಒಬ್ಬರು ಕೇಳಿದರು. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮಿತಿ 5,00,000 ಡಾಲರ್. ನಾವು ಅದರ ಹತ್ತಿರಕ್ಕೂ ಇಲ್ಲ. ನ್ಯೂಜೆರ್ಸಿಯವರಿಗೆ ಏನೂ ಬದಲಾಗಿಲ್ಲ, ಮೊದಲಿನ ಹಾಗೆಯೇ ಶೇ. 6.625.

ಈಗ ನಿಜವಾಗಿ ಎಷ್ಟು ಬೀಳುತ್ತದೆ ನೋಡಿ. ನಿನ್ನೆ ಮಿಶಿಗನ್‌ನ ಟ್ರಾಯ್‌ಗೆ ಕಟ್ಟಿಟ್ಟ ಪಾರ್ಸೆಲ್ ನನ್ನ ಮೇಜಿನ ಮೇಲಿದೆ: 40 ಡಾಲರಿನ ಹಿತ್ತಾಳೆ ದೀಪ, 15 ಡಾಲರಿನ ಒಂದು ಪುಸ್ತಕ, 12 ಡಾಲರಿನ ಚಟ್ನಿಪುಡಿ. ಮುಂದಿನ ತಿಂಗಳಿಂದ ಇದೇ ಪಾರ್ಸೆಲ್‌ನಲ್ಲಿ ದೀಪಕ್ಕೆ 2 ಡಾಲರ್ 40 ಸೆಂಟ್, ಪುಸ್ತಕಕ್ಕೆ 90 ಸೆಂಟ್, ಚಟ್ನಿಪುಡಿಗೆ ಸೊನ್ನೆ. ಒಹಾಯೊದಲ್ಲೂ ತಿನ್ನುವ ಪದಾರ್ಥಕ್ಕೆ ಇಲ್ಲ. ವರ್ಜೀನಿಯಾದಲ್ಲಿ ಅದಕ್ಕೆ ಶೇ. 1. ಜಾರ್ಜಿಯಾದಲ್ಲಿ ರಾಜ್ಯದ ತೆರಿಗೆ ಇಲ್ಲ, ಕೌಂಟಿಯದು ಇದೆ.

ಒಂದೊಂದು ರಾಜ್ಯದಲ್ಲಿ ಒಂದೊಂದು ಲೆಕ್ಕ. 2018ರ ಆ ತೀರ್ಪಿಗೆ ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಇದನ್ನೇ ಎತ್ತಿದ್ದರು. ಅವರು ಕೊಟ್ಟ ಒಂದು ಉದಾಹರಣೆ ನಮ್ಮ ನ್ಯೂಜೆರ್ಸಿಯದು: ಕಲಾಕೃತಿಗೆಂದು ಕೊಂಡ ಉಣ್ಣೆ ನೂಲಿಗೆ ಟ್ಯಾಕ್ಸ್, ಸ್ವೆಟರ್ ಹೆಣೆಯಲು ಕೊಂಡದ್ದಕ್ಕೆ ಇಲ್ಲ. ಅಂಥ ಲೆಕ್ಕ ನಮ್ಮ ಡಬ್ಬಗಳಿಗೂ ಬಂದಿದೆ. ಇಲ್ಲಿ ಕಡಲೆ ಮಿಠಾಯಿ ಕ್ಯಾಂಡಿಯಾದ್ದರಿಂದ ತೆರಿಗೆ ಉಂಟು. ಹಿಟ್ಟು ಸೇರಿದ ಮೈಸೂರ್ ಪಾಕ್ ಕ್ಯಾಂಡಿ ಅಲ್ಲ. ಆದರೆ ಲೇಬಲ್ಲಿನ ಮೇಲೆ ಹಿಟ್ಟಿಗೆ ಇಂಗ್ಲಿಷಿನ 'flour' ಎಂಬ ಪದ ಕಾಣಬೇಕು. ನಮ್ಮ ಲೇಬಲ್ಲಿನಲ್ಲಿ ಬರೀ 'ಬೇಸನ್' ಎಂದಿತ್ತು. ಒಂದು ಪದಕ್ಕಾಗಿ ಹಳೆಯ ಲೇಬಲ್ಲಿನ ಎರಡು ರೋಲ್ ಎಸೆದು ಹೊಸದು ಮಾಡಿಸಿದೆವು. ಆ ಖರ್ಚನ್ನು ಮೈಸೂರ್ ಪಾಕಿನ ಬೆಲೆಗೆ ಸೇರಿಸಿಲ್ಲ.

ಅಕೌಂಟೆಂಟ್ ಖರ್ಚನ್ನೂ ಯಾವ ಸಾಮಾನಿನ ಮೇಲೂ ಹಾಕುವುದಿಲ್ಲ. ಈ ವರ್ಷ ಪುಡಿಗಳ ಬೆಲೆ ಹೋದ ವರ್ಷದ್ದೇ. ಬಿಲ್ಲಿನಲ್ಲಿ ಟ್ಯಾಕ್ಸ್ ಎಂದು ಕಾಣುವ ಒಂದೊಂದು ಸೆಂಟೂ ನಿಮ್ಮ ರಾಜ್ಯಕ್ಕೆ ಹೋಗುತ್ತದೆ. ಅದಕ್ಕೆಂದೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದಿದ್ದೇವೆ. ರಿಟರ್ನ್ ತುಂಬಿದ ರಸೀದಿ ನೋಡಬೇಕೆಂದವರಿಗೆ ಕಳಿಸಿಕೊಡುತ್ತೇನೆ, ಸಂಕೋಚ ಬೇಡ.

ಒಂದು ಸಹಾಯ ಮಾಡಿ. ದರ ನಿಂತಿರುವುದು ಸಾಮಾನು ತಲುಪುವ ವಿಳಾಸದ ಮೇಲೆ, ಮತ್ತು ಒಂದೇ ಜಿಪ್ ಕೋಡಿನಲ್ಲಿ ಎರಡು ದರ ಇರುವುದುಂಟು. ಮನೆ ಬದಲಾಯಿಸಿದವರು ಪೂರ್ತಿ ವಿಳಾಸ ಬರೆದು ತಿಳಿಸಿ. ಮಗಳ ಮನೆಗೆ ಕಳಿಸಿ ಎನ್ನುವವರು ಮಗಳ ವಿಳಾಸ ಕೊಡಿ. ಬಿಲ್ಲಿನಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ. ಗುರುವಾರ ಪುಡಿ ಹುರಿಯುವ ದಿನ, ಬಾಡಿಗೆ ಅಡುಗೆಮನೆಯಲ್ಲಿ ಇರುತ್ತೇನೆ, ಫೋನ್ ಕೇಳಿಸುವುದಿಲ್ಲ. ಉಳಿದ ದಿನ ಸಂಜೆ ಆರರ ಮೇಲೆ ನಾನೇ ತೆಗೆಯುತ್ತೇನೆ.

ಇಂತಿ,
ನಿಮ್ಮ ಅಂಗಡಿಯವರು
ಎಡಿಸನ್, ನ್ಯೂಜೆರ್ಸಿ