ವಾರಕ್ಕೊಂದು ಒಳ್ಳೆಯ ಜಾಲತಾಣ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಇಂಟರ್‌ನೆಟ್ ಅಂದರೆ ರೀಲ್ಸ್, ಜೂಜು, ಮೋಸ ಇಷ್ಟೇ ಎಂದು ಕಳೆದ ವಾರ ಇದೇ ಪುಟದಲ್ಲಿ ಓದುಗರೊಬ್ಬರು ಬರೆದಿದ್ದರು. ಸಿಟ್ಟಿನಲ್ಲಿ ಬರೆದ ಪತ್ರ, ಆದರೆ ಅದರಲ್ಲಿ ಸುಳ್ಳೇನೂ ಇಲ್ಲ. ನಾನು ತಿಪಟೂರಿನಲ್ಲಿ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡವಳು. ಬೆಳಗ್ಗೆ ಶಟರ್ ಎತ್ತಿದರೆ ಕತ್ತಲಾಗುವವರೆಗೂ ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ. ಆ ಮೋಸವನ್ನೂ ನೋಡಿದ್ದೇನೆ, ಬೇರೆಯದನ್ನೂ ನೋಡಿದ್ದೇನೆ. ಆ ಬೇರೆಯದರ ಬಗ್ಗೆ ನಾಲ್ಕು ಮಾತು ಹೇಳಿ, ನಿಮ್ಮಲ್ಲಿ ಒಂದು ಬೇಡಿಕೆ ಇಡೋಣ ಅಂತ ಈ ಪತ್ರ.

ನಮ್ಮಲ್ಲಿಗೆ ಬರುವವರು ಪಹಣಿಗೆ, ಆದಾಯ ಪ್ರಮಾಣಪತ್ರಕ್ಕೆ, ಹಾಲ್ ಟಿಕೆಟ್ ಪ್ರಿಂಟಿಗೆ ಬರುವ ಜನ. ಎಲ್ಲರ ಕೈಯಲ್ಲೂ ಫೋನ್ ಇದೆ, ಫೋನಿನಲ್ಲಿ ಡೇಟಾನೂ ಇದೆ. ತಮಗೆ ಬೇಕಾದ್ದು ಎಲ್ಲಿದೆ ಅನ್ನೋದು ಮಾತ್ರ ಗೊತ್ತಿಲ್ಲ. ಹೇಳುವವರೂ ಇಲ್ಲ.

ಒಂದು ಉದಾಹರಣೆ. ಪಕ್ಕದ ಹಳ್ಳಿಯ ರೈತರೊಬ್ಬರು ಬಂದರು. ಅವರ ತೋಟಕ್ಕೆ ಹೋಗುವ ಬಂಡಿ ದಾರಿಯ ವಿಚಾರಕ್ಕೆ ಅಕ್ಕಪಕ್ಕದವರ ಜೊತೆ ಜಗಳ. ಊರಿನ ನಕ್ಷೆ ತೆಗೆಸಿಕೊಡುತ್ತೇನೆ ಅಂತ ಯಾರೋ ಒಬ್ಬ ದುಡ್ಡು ಕೇಳಿದ್ದನಂತೆ. 'ನಿಮ್ಮಲ್ಲಿ ಅದಕ್ಕಿಂತ ಕಡಿಮೆಗೆ ಆಗುತ್ತೇನಮ್ಮ?' ಎಂದು ಕೇಳಿದರು. ರಾಜ್ಯ ಸರ್ಕಾರದ ಭೂ ದಾಖಲೆಗಳ ಜಾಲತಾಣದಲ್ಲಿ ಗ್ರಾಮ ನಕ್ಷೆಗಳು ಪಿಡಿಎಫ್ ರೂಪದಲ್ಲಿ ಪುಕ್ಕಟೆ ಇವೆ. ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿಕೊಂಡು ಊರಿನ ಹೆಸರು ಹುಡುಕಿದರೆ ಸಾಕು. ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿ ಟೇಬಲ್ ಮೇಲೆ ಹರಡಿದೆ. ಅವರು ಮೊದಲು ಕೆರೆ ಹುಡುಕಿದರು. ಕೆರೆ ಸಿಕ್ಕ ಮೇಲೆ ಕೋಡಿ, ಕೋಡಿಯಿಂದ ಹಳ್ಳ, ಹಳ್ಳ ದಾಟಿ ತಮ್ಮ ಸರ್ವೆ ನಂಬರ್. ಅದರ ಮಗ್ಗುಲಲ್ಲೇ ತುಂಡು ಗೆರೆಯಲ್ಲಿ ದಾರಿ! ಬೆರಳು ಅಲ್ಲೇ ಇಟ್ಟುಕೊಂಡು, 'ಇದು ಇಷ್ಟು ದಿನ ಇಲ್ಲೇ ಇತ್ತಾ?' ಅಂದರು. ಇತ್ತು. ಕೋರ್ಟಿಗೆ ಹೋಗುವುದಾದರೆ ಸರ್ವೆ ಇಲಾಖೆಯಿಂದ ದೃಢೀಕೃತ ಪ್ರತಿಯೇ ಬೇಕು, ಅದು ಬೇರೆ ಮಾತು. ಊರಿನ ಪಂಚಾಯಿತಿಕಟ್ಟೆಯಲ್ಲಿ ಮಾತಾಡೋಕೆ ಈ ಹಾಳೆ ಸಾಕಲ್ವಾ?

ನನಗೆ ತುಂಬಾ ಇಷ್ಟವಾದ ತಾಣ ಇಂಟರ್‌ನೆಟ್ ಆರ್ಕೈವ್. ಆರ್ಕೈವ್ ಡಾಟ್ ಆರ್ಗ್ ಎಂದು ಟೈಪ್ ಮಾಡಿ. ಬ್ರೂಸ್ಟರ್ ಕೇಲ್ ಎಂಬುವರು 1996ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರು ಮಾಡಿದ್ದು. ಹಳೆಯ ಚರ್ಚ್ ಕಟ್ಟಡವೊಂದನ್ನು ಕೊಂಡು ಅಲ್ಲಿ ಕಚೇರಿ ಮಾಡಿಕೊಂಡಿದ್ದಾರೆ. ಲಾಭಕ್ಕೆ ನಡೆಸುವ ಕಂಪನಿ ಅಲ್ಲ. ಅದರಲ್ಲಿ ವೇಬ್ಯಾಕ್ ಮೆಷಿನ್ ಅಂತ ಒಂದು ಭಾಗ ಇದೆ. ಜಗತ್ತಿನ ಜಾಲತಾಣಗಳ ಪುಟಗಳನ್ನು ಆಗಾಗ ನಕಲು ತೆಗೆದು ಕೂಡಿಡುವುದು ಅದರ ಕೆಲಸ. 2001ರಲ್ಲಿ ಎಲ್ಲರಿಗೂ ತೆರೆದರು. 2025ರಲ್ಲಿ ಕೂಡಿಟ್ಟ ಪುಟಗಳ ಲೆಕ್ಕ ಒಂದು ಲಕ್ಷ ಕೋಟಿ ಮುಟ್ಟಿತು.

ಅಷ್ಟೆಲ್ಲ ಪುಟ ಯಾರಿಗೆ ಬೇಕು ಅನ್ನಬಹುದು. ನಮ್ಮ ಅಂಗಡಿಗೆ ಬಂದ ಹುಡುಗನೊಬ್ಬನಿಗೆ ಬೇಕಾಗಿತ್ತು. ಕೆಲಸಕ್ಕೆ ಅರ್ಜಿ ಹಾಕಿದ್ದ, ಆಯ್ಕೆ ಪಟ್ಟಿಯ ವಿಚಾರದಲ್ಲಿ ತಕರಾರು ಬಂದಿತ್ತು. ವಯಸ್ಸಿನ ಲೆಕ್ಕ ಯಾವ ತಾರೀಕಿಗೆ ಅಂತ ತೋರಿಸಲು ಮೂಲ ಅಧಿಸೂಚನೆ ಬೇಕಿತ್ತು. ಆ ಸಂಸ್ಥೆಯವರು ಅಷ್ಟರಲ್ಲಿ ಜಾಲತಾಣವನ್ನೇ ಬದಲಾಯಿಸಿದ್ದರು. ಹಳೆಯ ಲಿಂಕ್ ಒತ್ತಿದರೆ 'ಪುಟ ಸಿಗಲಿಲ್ಲ'. ಫೋನ್ ಮಾಡಿದರೆ 'ವೆಬ್‌ಸೈಟ್ ನೋಡಿ' ಅನ್ನುತ್ತಿದ್ದರಂತೆ. ಪುಣ್ಯಕ್ಕೆ ಆ ಲಿಂಕ್ ಅವನ ವಾಟ್ಸ್‌ಆ್ಯಪ್‌ನಲ್ಲಿ ಉಳಿದಿತ್ತು. ಅದನ್ನು ಕಾಪಿ ಮಾಡಿ ವೇಬ್ಯಾಕ್ ಮೆಷಿನ್‌ಗೆ ಹಾಕಿದೆ. ಮೇಲೆ ವರ್ಷಗಳ ಸಾಲು ಬರುತ್ತದೆ, ಕೆಳಗೆ ಹನ್ನೆರಡು ತಿಂಗಳ ಕ್ಯಾಲೆಂಡರ್. ನಕಲು ತೆಗೆದ ತಾರೀಕುಗಳ ಹಿಂದೆ ನೀಲಿ ಚುಕ್ಕೆ. ಅಧಿಸೂಚನೆ ಬಂದ ತಿಂಗಳಲ್ಲಿ ಒಂದೇ ಒಂದು ಚುಕ್ಕೆ ಇತ್ತು. ಒತ್ತಿದೆ. ಹಳೆಯ ಬಣ್ಣ, ಹಳೆಯ ಲಾಂಛನ, ಓಡುವ ಅಕ್ಷರಗಳ ಸಮೇತ ಪುಟ ತೆರೆದುಕೊಂಡಿತು. ಒಳಗಿನ ಪಿಡಿಎಫ್ ಕೂಡ ಬಂತು. ಪಿಡಿಎಫ್ ಯಾವಾಗಲೂ ಬರುವುದಿಲ್ಲ, ಅವನ ಅದೃಷ್ಟ ಚೆನ್ನಾಗಿತ್ತು.

ಅವತ್ತಿನಿಂದ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಮುಖ್ಯ ಅಧಿಸೂಚನೆ ಬಂದ ದಿನವೇ ಅಲ್ಲಿ 'ಸೇವ್ ಪೇಜ್ ನೌ' ಅನ್ನುವ ಕಡೆ ಆ ವಿಳಾಸ ಹಾಕಿಬಿಡುತ್ತೇನೆ. ಅದು ಆಗಲೇ ನಕಲು ತೆಗೆದು ತಾರೀಕಿನ ಸಮೇತ ಇಟ್ಟುಕೊಳ್ಳುತ್ತದೆ. ಪರೀಕ್ಷೆಗೆ ಓದುವ ಹುಡುಗರಿಗೆಲ್ಲ ಇದನ್ನು ಹೇಳಿಕೊಡಬೇಕು. (ನಿಮ್ಮ ಪತ್ರಿಕೆಯ ಹಳೆಯ ಲೇಖನಗಳ ಲಿಂಕುಗಳೂ ಎಷ್ಟೋ ಸಲ ತೆರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕೆಲವನ್ನು ನಾನು ಅಲ್ಲೇ ಓದಿದ್ದೇನೆ.)

ಅದೇ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ರಾಶಿಯೇ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳೂ ಅಲ್ಲಿವೆ. ಹುಡುಕೋದೇ ಕಷ್ಟ. ಬಹಳಷ್ಟು ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಟೈಪ್ ಮಾಡಿದ್ದಾರೆ. ದೀರ್ಘಕ್ಕೆ ಎರಡು ಎ ಹಾಕಿ ನೋಡಿ, ತೆಗೆದು ನೋಡಿ, ಕೊನೆಯ ಅಕ್ಷರ ಬಿಟ್ಟು ನೋಡಿ. ಯಾವುದಕ್ಕಾದರೂ ಸಿಕ್ಕೇ ಸಿಗುತ್ತದೆ.

ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ನಮ್ಮ ಖಾಯಂ ಗಿರಾಕಿ. ಅವರಿಗೆ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತೆಗೆದುಕೊಟ್ಟೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲೆವಾರು ಅಚ್ಚು ಹಾಕಿಸಿದ್ದರಲ್ಲ, ಅದರಲ್ಲಿ ತುಮಕೂರು ಜಿಲ್ಲೆಯದು ಈ ಸಂಪುಟ, 1904ರದು. ತಾಲ್ಲೂಕಿನ ಪ್ರಕಾರ ಶಾಸನಗಳನ್ನು ಜೋಡಿಸಿದ್ದಾರೆ. ಇಂಗ್ಲಿಷ್ ಅನುವಾದವೂ ಇದೆ, ಕನ್ನಡ ಲಿಪಿಯ ಪಾಠವೂ ಇದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ತಿಪಟೂರು ತಾಲ್ಲೂಕಿನ ಪುಟಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರು. ನಡುವೆ ಒಂದು ಕಡೆ ನಿಲ್ಲಿಸಿ ಜೋರಾಗಿ ಓದತೊಡಗಿದರು. ಪಹಣಿಗೆ ಕಾದಿದ್ದವರೂ ಸುಮ್ನೆ ನಿಂತು ಕೇಳಿದರು. ಆಮೇಲೆ ಬರೀ ಅವರ ಹೋಬಳಿಯ ಪುಟಗಳನ್ನು ಪ್ರಿಂಟ್ ಹಾಕಿಸಿಕೊಂಡು, ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಹೋದರು.

ಈ ಮೇಷ್ಟ್ರೇ ನನಗೆ ಅಲರ್ ನಿಘಂಟನ್ನು ತೋರಿಸಿದ್ದು. ಅಲರ್ ಡಾಟ್ ಇಂಕ್. ವಿ. ಕೃಷ್ಣ ಅವರು ಒಬ್ಬರೇ ನಾಲ್ಕು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. ಒಂದೂವರೆ ಲಕ್ಷ ಪದಗಳಿವೆ. 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಜಾಲದಲ್ಲಿ ಹಾಕಿದರು. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಒಟಿಪಿ ಇಲ್ಲ. ಕನ್ನಡ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುವಾಗ ನನಗೆ ದಿನಾ ಬೇಕು.

ಬರೀ ಕೆಲಸದ ತಾಣಗಳನ್ನೇ ಹೇಳಿದರೆ ಬೇಸರ ಬರುತ್ತದೆ. ಸರ್ವರ್ ಡೌನ್ ಆದಾಗ ನಮ್ಮ ಅಂಗಡಿಯಲ್ಲಿ ನಡೆಯುವುದು ರೇಡಿಯೊ ಗಾರ್ಡನ್. 2016ರಲ್ಲಿ ನೆದರ್ಲೆಂಡ್ಸ್‌ನವರು ಶುರು ಮಾಡಿದ್ದು. ತೆರೆದರೆ ಭೂಮಿಯ ಗೋಳ, ಅದರ ತುಂಬ ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಊರು. ಗೋಳ ತಿರುಗಿಸಿ ಯಾವುದಾದರೂ ಚುಕ್ಕೆಯ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೊದಲ್ಲಿ ಈಗ ಏನು ಬರುತ್ತಿದೆಯೋ ಅದು ಕೇಳುತ್ತದೆ. ಒಮ್ಮೆ ಕೊಬ್ಬರಿ ವ್ಯಾಪಾರಿಯೊಬ್ಬರು ಕಾದು ಸುಸ್ತಾಗಿ ಮೌಸ್ ಹಿಡಿದು ಗೋಳ ತಿರುಗಿಸಿದರು. ಆಸ್ಟ್ರೇಲಿಯಾ ದಾಟಿ ಸಮುದ್ರದ ನಡುವೆ ಫಿಜಿ ದ್ವೀಪದಲ್ಲಿ ನಿಂತಿತು. ನೋಡಿದರೆ ಹಳೆಯ ಹಿಂದಿ ಸಿನಿಮಾ ಹಾಡು! ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬ್ರಿಟಿಷರು 1879ರಿಂದ ನಮ್ಮ ಜನರನ್ನು ಕಬ್ಬಿನ ತೋಟದ ಕೂಲಿಗೆ ಹಡಗಿನಲ್ಲಿ ಅಲ್ಲಿಗೆ ಸಾಗಿಸಿದ್ದರು, ಅವರ ಮೊಮ್ಮಕ್ಕಳು ಇವತ್ತಿಗೂ ಹಿಂದಿ ಮಾತಾಡುತ್ತಾರೆ ಅಂತ ಪಿಯುಸಿ ಓದುವ ಹುಡುಗಿಯೊಬ್ಬಳು ಫೋನಿನಲ್ಲೇ ಹುಡುಕಿ ಹೇಳಿದಳು. ಹತ್ತು ನಿಮಿಷದಲ್ಲಿ ಒಂದು ಪಾಠವೇ ಆಯಿತು. ಸರ್ವರ್ ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ.

ಈಗ ನನ್ನ ಬೇಡಿಕೆ. ಇಂಥ ತಾಣಗಳು ತಾವಾಗಿ ಬಂದು ನಮ್ಮ ಬಾಗಿಲು ತಟ್ಟುವುದಿಲ್ಲ. ಮೊದಲು ಅದಕ್ಕೆ ಪಟ್ಟಿಗಳಿದ್ದವು. ಯಾಹೂ ಅಂದರೆ ಈಗಿನವರಿಗೆ ಹಳೆಯ ಇಮೇಲ್ ಅಷ್ಟೇ. 1994ರಲ್ಲಿ ಅದು ಶುರುವಾಗಿದ್ದು ಜೆರ್ರಿ ಯಾಂಗ್, ಡೇವಿಡ್ ಫೈಲೊ ಎಂಬ ಇಬ್ಬರು ವಿದ್ಯಾರ್ಥಿಗಳು ತಮಗೆ ಹಿಡಿಸಿದ ತಾಣಗಳನ್ನು ವಿಷಯವಾರು ಬರೆದಿಟ್ಟ ಪಟ್ಟಿಯಾಗಿ. ಆ ಪಟ್ಟಿಯನ್ನು 2014ರ ಕೊನೆಯಲ್ಲಿ ಮುಚ್ಚಿದರು. ಸ್ವಯಂಸೇವಕರು ನಡೆಸುತ್ತಿದ್ದ ಡಿಮೋಜ್ ಎಂಬ ಇನ್ನೊಂದು ಪಟ್ಟಿ 2017ರಲ್ಲಿ ನಿಂತಿತು. ಈಗ ಉಳಿದಿರುವುದು ಸರ್ಚ್ ಮಾತ್ರ. ಅಲ್ಲಿ ಎಷ್ಟೋ ಸಲ ಮೊದಲು ಬರುವುದು ದುಡ್ಡು ಕೊಟ್ಟವರ ಜಾಹೀರಾತು. ಇದೇ ಏನು ಹುಡುಕಬೇಕು ಅಂತ ಗೊತ್ತಿದ್ದವರ ಪಾಡು. ಗ್ರಾಮ ನಕ್ಷೆ ಜಾಲದಲ್ಲಿದೆ ಅಂತಲೇ ಗೊತ್ತಿಲ್ಲದವರು ಏನಂತ ಟೈಪ್ ಮಾಡಬೇಕು?

ಗೊತ್ತಿಲ್ಲದೆ ಟೈಪ್ ಮಾಡಿದರೆ ಇನ್ನೊಂದು ಅಪಾಯ. ಪಾಸ್‌ಪೋರ್ಟ್ ಹೆಸರಿನಲ್ಲಿ ನಕಲಿ ತಾಣಗಳಿವೆ ಎಂದು ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ. ನೋಡೋಕೆ ಸರ್ಕಾರದ್ದೇ ಇದ್ದಂಗೆ ಇರುತ್ತವೆ, ಲಾಂಛನನೂ ಇರುತ್ತದೆ. ಅಸಲಿಯ ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದೆ. ನಮ್ಮ ಅಂಗಡಿಗೆ ಬಂದ ಒಬ್ಬರು ಆಗಲೇ ನಕಲಿಯಲ್ಲಿ ದುಡ್ಡು ಕಟ್ಟಿ, ರಸೀದಿ ಪ್ರಿಂಟ್ ಹಾಕಿಸೋಕೆ ಬಂದಿದ್ದರು. ಆ ರಸೀದಿ ಎಲ್ಲೂ ನಡೆಯಲ್ಲ ಅಂತ ನಾನೇ ಹೇಳಬೇಕಾಯಿತು.

ಆದ್ದರಿಂದ ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಅಂಗೈಯಗಲ ಜಾಗ ಕೊಡಿ. ವಾರಕ್ಕೆ ಒಂದೇ ತಾಣ, ಜಾಸ್ತಿ ಬೇಡ. ಬರೆಯುವವರು ಅದನ್ನು ತಾವೇ ಬಳಸಿ ನೋಡಿರಬೇಕು. ಕಂಪನಿಯವರು ಕಳಿಸಿದ್ದನ್ನು ಹಾಗೆಯೇ ಹಾಕಬೇಡಿ, ಅದು ಜಾಹೀರಾತಿನ ಪುಟಕ್ಕೆ ಹೋಗಲಿ. ಯಾರು ನಡೆಸುತ್ತಾರೆ, ದುಡ್ಡು ಕೇಳುತ್ತಾ, ಫೋನ್ ನಂಬರ್ ಕೇಳುತ್ತಾ, ಕನ್ನಡದಲ್ಲಿ ಇದೆಯಾ, ಇಷ್ಟು ಹೇಳಿ. ಪಕ್ಕದಲ್ಲಿ ಕ್ಯೂಆರ್ ಕೋಡ್ ಇರಲಿ. ವಿಳಾಸ ಟೈಪ್ ಮಾಡುವಾಗ ಒಂದಕ್ಷರ ತಪ್ಪಿದರೆ ಜನ ಎಲ್ಲೆಲ್ಲೋ ಹೋಗಿ ಬೀಳುತ್ತಾರೆ. ಓದುಗರಿಂದಲೂ ಕೇಳಿ. ಹಕ್ಕಿ ನೋಡುವವರು, ಮಳೆ ಲೆಕ್ಕ ಇಡುವವರು, ಹಳೆಯ ಹಾಡು ಹುಡುಕುವವರು ಊರೂರಲ್ಲಿ ಇದ್ದಾರೆ. ಒಬ್ಬೊಬ್ಬರ ಹತ್ತಿರ ಒಂದೊಂದು ತಾಣ ಇದ್ದೇ ಇರುತ್ತದೆ.

ಮೊದಲ ವಾರ ಗ್ರಾಮ ನಕ್ಷೆ ಹಾಕಿ, ಎರಡನೇ ವಾರ ರೇಡಿಯೊ ಗಾರ್ಡನ್. ಎರಡು ವಾರವೂ ಸರ್ಕಾರಿ ತಾಣವೇ ಆದರೆ ಹುಡುಗರು ಆ ಕಡೆ ತಿರುಗಿಯೂ ನೋಡಲ್ಲ.

ಎಲ್ಲ ಪೇಪರಿನಲ್ಲೇ ಬಂದುಬಿಟ್ಟರೆ ನಿನ್ನ ವ್ಯಾಪಾರ ಏನಾಗುತ್ತೆ ಅಂತ ಪಕ್ಕದ ಟೈಲರ್ ಅಂಗಡಿಯ ಅಕ್ಕ ಕೇಳಿದರು. ನಕ್ಷೆ ಫೋನಿನಲ್ಲಿ ನೋಡಿದರೆ ಸರ್ವೆ ನಂಬರ್ ಕಾಣಲ್ಲ ಅಕ್ಕ, ಎ3 ಪ್ರಿಂಟಿಗೆ ಇಲ್ಲಿಗೇ ಬರಬೇಕು ಅಂದೆ.

ಇಂತಿ ನಿಮ್ಮ ಓದುಗಳು,
ತಿಪಟೂರು