ಯುದ್ಧಕ್ಕೆ ಮುಂಚೆಯೂ ಅವರು ಹಾಡುತ್ತಿದ್ದರು

ಪ್ರೀತಿಯ ತಂಗಿ,

ಡಿನೋ ಮರ್ಲಿನ್ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಬೋಸ್ನಿಯಾದ ಗಾಯಕರೊಬ್ಬರನ್ನು ನಮ್ಮ ಓದುಗರಿಗೆ ಪರಿಚಯ ಮಾಡಿಸಬೇಕು ಅಂತ ನಿನಗೆ ಅನ್ನಿಸಿದ್ದೇ ದೊಡ್ಡ ಖುಷಿ. ಆದರೆ ನಿನ್ನ ಬರಹ 1992ರಲ್ಲಿ, ಬೋಸ್ನಿಯಾದ ರಾಜಧಾನಿ ಸರಾಯೆವೊಗೆ ಸರ್ಬ್ ಪಡೆಗಳ ಮುತ್ತಿಗೆ ಬೀಳುವುದರಿಂದ ಶುರುವಾಗುತ್ತದೆ. ಅಷ್ಟೊತ್ತಿಗೆ ಅವರಿಗೆ ಮೂವತ್ತು ತುಂಬುತ್ತಾ ಬಂದಿತ್ತು. ಬೋಸ್ನಿಯಾ ಆಗ ಸೇರಿದ್ದ ಯುಗೊಸ್ಲಾವಿಯಾ ದೇಶದ ತುಂಬಾ ಹೆಸರು ಮಾಡಿಯಾಗಿತ್ತು. ಬಾಂಬು ಬೀಳುವ ತನಕ ಆ ಮನುಷ್ಯ ಏನು ಮಾಡುತ್ತಿದ್ದರು ಅಂತ ಓದುಗ ಕೇಳುತ್ತಾನೆ, ಅಲ್ವಾ?

ಅಲ್ಲಿಂದಲೇ ಹೊರಡು. ಅವರ ನಿಜವಾದ ಹೆಸರು ಎದಿನ್ ದೆರ್ವಿಷ್‌ಹಾಲಿದೊವಿಚ್. ಹುಟ್ಟಿದ್ದು 1962ರಲ್ಲಿ, ಸರಾಯೆವೊದಲ್ಲೇ. 1983ರಲ್ಲಿ 'ಮರ್ಲಿನ್' ಅಂತ ಬ್ಯಾಂಡ್ ಕಟ್ಟಿದರು. ಅದರ ಮೊದಲ ಆಲ್ಬಂ ಬಂದದ್ದು 1985ರಲ್ಲಿ. 1990ರ ಹೊತ್ತಿಗೆ ಐದು ಆಲ್ಬಂ ಆಗಿದ್ದವು. ಹಾಡು ಬರೆಯುವವರೂ ಅವರೇ, ಹಾಡುವವರೂ ಅವರೇ. ಚಳಿಗಾಲದ ಒಲಿಂಪಿಕ್ಸ್ ನಡೆಸಿದ, ಹೊಸ ಬ್ಯಾಂಡುಗಳಿಂದ ಗಿಜಿಗುಡುತ್ತಿದ್ದ ಊರು ಅದು. ಆ ಸಡಗರ ನಿನ್ನ ಪುಟದಲ್ಲಿ ಕೇಳಿಸಬೇಕು. ಆಗಲೇ ಮುಂದೆ ಕಳೆದುಹೋದದ್ದು ಏನು ಅಂತ ಓದುಗನಿಗೆ ತಟ್ಟುತ್ತದೆ.

1988ರ ಜೋಡಿ ಹಾಡನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನನಗದು ಬೇಸರ ತಂತು. ಸರ್ಬಿಯಾದ ಬೆಲ್‌ಗ್ರೇಡಿನಲ್ಲಿ ನೆಲೆಸಿದ್ದ ಜಾನಪದ ಶೈಲಿಯ ಗಾಯಕಿ ವೆಸ್ನಾ ಜ್ಮಿಯಾನಾಟ್ಸ್ ಜೊತೆ ಸರಾಯೆವೊದ ಪಾಪ್ ಗಾಯಕ ಹಾಡಿದ ಪ್ರೇಮಗೀತೆ ಅದು. ಪಾಪ್ ಕೇಳುವವರು ಆ ಥರದ ಜಾನಪದವನ್ನು ಕೀಳಾಗಿ ನೋಡುತ್ತಿದ್ದ ಕಾಲ. ಇವರು ಆ ಬೇಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷ ಕಳೆಯುವುದರೊಳಗೆ ಆ ದೇಶವೇ ಹೋಳಾಯಿತು. ನನ್ನನ್ನು ಕೇಳಿದರೆ ನಿನ್ನ ಬರಹದ ಜೀವ ಇಲ್ಲಿದೆ. ಪೂರ್ತಿ ಒಂದು ಪುಟ ಕೊಡು.

ಯುದ್ಧದ ಭಾಗದಲ್ಲಿ ವಿಶೇಷಣಗಳನ್ನು ತೆಗೆದುಹಾಕು. ನಡೆದದ್ದನ್ನು ಹೇಳಿದರೆ ಸಾಕು. 1992ರಲ್ಲಿ, ಯುಗೊಸ್ಲಾವಿಯಾದಿಂದ ಬೇರೆಯಾದ ಬೋಸ್ನಿಯಾಕ್ಕೊಂದು ರಾಷ್ಟ್ರಗೀತೆ ಬೇಕಾಯಿತು. ಹಳೆಯ ಜನಪದ ಹಾಡಿನ ಧಾಟಿಗೆ ಇವರು ಸಾಹಿತ್ಯ ಬರೆದರು. 1993ರಲ್ಲಿ ಬೋಸ್ನಿಯಾ ಮೊದಲ ಬಾರಿ ಯೂರೋವಿಷನ್‌ಗೆ, ಅಂದರೆ ಯೂರೋಪಿನ ದೇಶಗಳ ಹಾಡಿನ ಸ್ಪರ್ಧೆಗೆ ಹೋಯಿತು. ಸಂಗೀತ ಇವರದು, ಹಾಡಿದವರು ಫಾಜ್ಲಾ. ತಂಡ ಮುತ್ತಿಗೆಯಿಂದ ಹೊರಬರಲು ಗುಂಡಿನ ದಾಳಿಯ ನಡುವೆ ವಿಮಾನ ನಿಲ್ದಾಣದ ರನ್‌ವೇ ದಾಟಬೇಕಾಯಿತು. ಐರ್ಲೆಂಡಿನ ಮಿಲ್‌ಸ್ಟ್ರೀಟಿನಲ್ಲಿ ಸ್ಪರ್ಧೆ. ಸರಾಯೆವೊದ ತೀರ್ಪುಗಾರರು ಅಂಕ ಹೇಳಲು ಫೋನಿನಲ್ಲಿ ಬಂದಾಗ ಲೈನು ಗರಗರ ಅನ್ನುತ್ತಿತ್ತು. ಆ ದನಿ ಕೇಳಿದ್ದೇ ತಡ, ಸಭಾಂಗಣವೆಲ್ಲ ಚಪ್ಪಾಳೆ ಹೊಡೆಯಿತು. ಸಿಕ್ಕಿದ್ದು 16ನೇ ಸ್ಥಾನ. ಇದಕ್ಕೆ 'ಹೃದಯವಿದ್ರಾವಕ' ಅಂತ ನೀನು ಸೇರಿಸಿದ್ದು ಬೇಡವೇ ಬೇಡ.

ರಾಷ್ಟ್ರಗೀತೆಯ ಮುಂದಿನ ಕಥೆಯನ್ನು ನೀನು ಬಿಟ್ಟಿದ್ದೀಯ. ಬೋಸ್ನಿಯಾದಲ್ಲೇ ಇರುವ ಸರ್ಬ್, ಕ್ರೊಯೇಟ್ ಸಮುದಾಯಗಳ ಅನೇಕರಿಗೆ ಅದು ತಮ್ಮ ಹಾಡು ಅನ್ನಿಸಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅದನ್ನು ಬದಲಾಯಿಸಿದರು. ಈಗಿರುವುದು ಬರೀ ರಾಗ, ಸಾಹಿತ್ಯವೇ ಇಲ್ಲ. ಮೆಚ್ಚಿದವರ ಬಗ್ಗೆ ಬರೆಯುವಾಗ ಇಂಥದ್ದನ್ನು ಮುಚ್ಚಿಡಬೇಡ. ಅವರೇನೂ ಇದರಿಂದ ಸಣ್ಣವರಾಗುವುದಿಲ್ಲ. ಒಬ್ಬ ಕವಿಯ ಮಾತಿಗೆ ಒಂದು ದೇಶದಲ್ಲಿ ಏನೇನು ಆಗಬಹುದು ಅನ್ನುವುದು ಓದುಗನಿಗೆ ತಿಳಿಯಬೇಕು.

ಆಮೇಲಿನದನ್ನು ಬೇಗ ದಾಟು. ಅದೇ ಯೂರೋವಿಷನ್‌ನಲ್ಲಿ 1999ರಲ್ಲಿ ಜೆರುಸಲೇಮಿನಲ್ಲಿ ಗಾಯಕಿ ಬಿಯಾಟ್ರಿಸ್ ಪೂಲೊ ಜೊತೆ ಹಾಡಿ 7ನೇ ಸ್ಥಾನ, 2011ರಲ್ಲಿ ಡುಸೆಲ್‌ಡಾರ್ಫಿನಲ್ಲಿ 6ನೇ ಸ್ಥಾನ. ಪ್ರತಿಯೊಂದು ಆಲ್ಬಮ್ಮಿನ ಹೆಸರು ಸುಮ್ನೆ ಸಾಲಾಗಿ ಬರೆಯಬೇಡ, ಯಾರೂ ಓದುವುದಿಲ್ಲ. ಆದರೆ 2011ರಲ್ಲೇ ಅವರು ಬೆಲ್‌ಗ್ರೇಡಿನ ದೊಡ್ಡ ಅರೀನಾದಲ್ಲಿ ಹಾಡಿದ್ದರ ಹತ್ತಿರ ನಿಲ್ಲು. ವಿರೋಧವೂ ಇತ್ತು, ಆದರೂ ಜನ ಬಂದರು. 1988ರ ಹಾಡನ್ನು ಮೊದಲೇ ಸರಿಯಾಗಿ ಹೇಳಿದ್ದರೆ ಈ ಸಂಜೆಯ ತೂಕ ತಾನಾಗಿ ಬರುತ್ತದೆ. ನೀನು ವಿವರಿಸಬೇಕಾಗಿಯೇ ಇಲ್ಲ.

ಇನ್ನೊಂದು. ಅವರ ಹಾಡುಗಳನ್ನು ಜಾಸ್ತಿ ಕೇಳು, ಅವರ ಬಗ್ಗೆ ಓದುವುದಕ್ಕಿಂತ ಜಾಸ್ತಿ. ಯುದ್ಧಕ್ಕೆ ಮುಂಚಿನವು ಮೊದಲು. ತಿದ್ದಿದ ಮೇಲೆ ಪೂರ್ತಿ ಬರಹ ಕಳಿಸು, ತುಂಡು ತುಂಡಾಗಿ ಬೇಡ. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ಅಕ್ಕ